ಬ್ಲಫ್‌ಗೆ ಬಂದ ಕೆನಡಾದ ಎಂಜಿನಿಯರ್

ಮಳವಳ್ಳಿ ತಾಲ್ಲೂಕಿನ ಬ್ಲಫ್‌ನಲ್ಲಿರುವ ಶಿವನಸಮುದ್ರ ಜಲವಿದ್ಯುದಾಗಾರವನ್ನು ರೂಪಿಸಿದ ಎ. ಸಿ. ಜಾಲಿ ಡಿ ಲೋಟ್‌ಬಿನಿಯರ್ ಅವರು ಕೆನಡಾದಲ್ಲಿ ಹುಟ್ಟಿ, ಬ್ರಿಟಿಷ್ ಸೈನ್ಯದ ಎಂಜಿನಿಯರುಗಳ ದಳವಾದ ರಾಯಲ್ ಎಂಜಿನಿಯರ್ಸ್ ಸೇರಿ, ಮೈಸೂರು ಸಂಸ್ಥಾನದ ಸೇವೆಗೆ ಬಂದವರು. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರು ಒತ್ತಾಸೆಯಾಗಿ ನಿಂತ ಈ ಯೋಜನೆಯಲ್ಲಿ, ನಾಲೆಯಿಂದ ಬಂದ ಕಾವೇರಿಯ ನೀರು ಪೆನ್‌ಸ್ಟಾಕ್ ಎಂಬ ಉಕ್ಕಿನ ಕೊಳವೆಗಳೊಳಗೆ ಕಡಿದಾದ ಇಳಿಜಾರಿನಲ್ಲಿ ಸುಮಾರು 400 ಅಡಿ ಇಳಿದು, ಆ ರಭಸದಿಂದಲೇ ಟರ್ಬೈನ್ ಎಂಬ ಚಕ್ರಗಳನ್ನು ತಿರುಗಿಸುತ್ತಿತ್ತು. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ವಿದ್ಯುತ್ ಯಂತ್ರಗಳು ಇಲ್ಲಿ ನೆಲೆಗೊಂಡು, 1902ರಲ್ಲಿ ಸುಮಾರು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಹರಿಯಿತು. ಇಷ್ಟು ದೂರ ತಂತಿಯ ಮೂಲಕ ವಿದ್ಯುತ್ ಸಾಗಿಸುವುದು ಆ ಕಾಲಕ್ಕೆ ನಿಜಕ್ಕೂ ಎದೆಗಾರಿಕೆಯ ಕೆಲಸ. 1905ರಲ್ಲಿ ಬೆಂಗಳೂರಿಗೂ ಬೆಳಕು ಬಂತು. ಮುಂದೆ ಕಾಶ್ಮೀರದ ಝೇಲಂ ನದಿಯ ವಿದ್ಯುತ್ ಯೋಜನೆಯನ್ನೂ ಕೈಗೊಂಡ ಈ ಎಂಜಿನಿಯರ್, ಶೇಷಾದ್ರಿ ಅಯ್ಯರ್ ಅವರಷ್ಟೇ ಕನ್ನಡಿಗರ ಕೃತಜ್ಞತೆಗೆ ಅರ್ಹರು.