ವಾದದಲ್ಲಿ ಮಾತಿನ ಸ್ಥಾನ: ಕವಿರಾಜಮಾರ್ಗದ ಕರ್ತೃತ್ವಚರ್ಚೆಯ ನಿದರ್ಶನ

ಸಂಶೋಧನ ಲೇಖನವೊಂದನ್ನು ಓದುವಾಗ ಅಲ್ಲಿನ ಮಾತೊಂದು ಏನು ಹೇಳುತ್ತದೆ ಎಂದು ತಿಳಿದರೆ ಸಾಲದು. ಅದು ವಾದದಲ್ಲಿ ಯಾವ ಕಾರ್ಯವನ್ನು ನಿರ್ವಹಿಸುತ್ತದೆ ಎಂಬುದನ್ನೂ ಗುರುತಿಸಬೇಕು. ಇಲ್ಲವಾದರೆ, ವಿದ್ವಾಂಸರು ಖಂಡಿಸಲೆಂದೇ ಎತ್ತಿಕೊಂಡ ಪೂರ್ವಪಕ್ಷವನ್ನು ಅವರದೇ ಸಿದ್ಧಾಂತವೆಂದು ಉದ್ಧರಿಸುವ ಪ್ರಮಾದ ಸಂಭವಿಸುತ್ತದೆ. ಹಾಗೆ ಒಮ್ಮೆ ಅಚ್ಚಾದ ಮಾತು ಮುಂದಿನವರ ಅಡಿಟಿಪ್ಪಣಿಗಳಲ್ಲಿ ನೆಲೆಯೂರಿಬಿಡುತ್ತದೆ.

ಅರ್ಥ ಬೇರೆ, ಸ್ಥಾನ ಬೇರೆ ಎಂಬ ವಿವೇಕ ನಮ್ಮ ಶಾಸ್ತ್ರಪರಂಪರೆಗೆ ಹೊಸದಲ್ಲ. ನ್ಯಾಯದರ್ಶನವು ಅನುಮಾನವಾಕ್ಯಕ್ಕೆ ಪ್ರತಿಜ್ಞೆ, ಹೇತು, ಉದಾಹರಣ, ಉಪನಯ, ನಿಗಮನ ಎಂಬ 5 ಅವಯವಗಳನ್ನು ಹೇಳುತ್ತದೆ. ಬೆಟ್ಟದಲ್ಲಿ ಬೆಂಕಿಯಿದೆ ಎಂಬುದು ಮೊದಲಿಗೆ ಪ್ರತಿಜ್ಞೆ. ಹೊಗೆಯೆಂಬ ಹೇತುವನ್ನೂ ಅಡುಗೆಮನೆಯ ದೃಷ್ಟಾಂತವನ್ನೂ ಹಾದುಬಂದ ಮೇಲೆ ಅದೇ ಮಾತು ನಿಗಮನ. ಮೊದಲನೆಯದು ಸಾಧಿಸಬೇಕಾದುದು, ಕೊನೆಯದು ಸಾಧಿತವಾದುದು.

ಈಗ ನಮ್ಮ ಸಾಹಿತ್ಯಚರಿತ್ರೆಯ ಒಂದು ಪ್ರಸಿದ್ಧ ಚರ್ಚೆಯನ್ನು ಪರಿಶೀಲಿಸೋಣ. 1898ರಲ್ಲಿ ಕೆ.ಬಿ. ಪಾಠಕರು ಕವಿರಾಜಮಾರ್ಗವನ್ನು ಪ್ರಕಟಿಸಿದಾಗ ಅದು ನೃಪತುಂಗನ ಕೃತಿಯೆಂದೇ ಹೊರಬಂದಿತು. ಕರ್ತೃ ಶ್ರೀವಿಜಯನೆಂದು ಮುಂದೆ ವಾದಿಸಿದವರ ತರ್ಕವನ್ನು ಹೀಗೆ ಸಂಗ್ರಹಿಸಬಹುದು:

1. ಕೃತಿಯು ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಆಳಿಕೆಯ (ಕ್ರಿ.ಶ. 814–878) ಕಾಲದ್ದು.
2. ಅದು ನೃಪತುಂಗನ ರಚನೆಯೆಂದು ಹೇಳುವವರಿದ್ದಾರೆ.
3. ಆದರೆ ಪರಿಚ್ಛೇದಾಂತ್ಯದಲ್ಲಿ ಅದನ್ನು ನೃಪತುಂಗನ ‘ಅನುಮತ’ವೆಂದು ಕರೆದಿದೆ.
4. ಅನುಮತವೆಂದರೆ ಒಪ್ಪಿದ್ದು, ರಚಿಸಿದ್ದಲ್ಲ.
5. ಆದ್ದರಿಂದ ರಚಿಸಿದವನು ಬೇರೊಬ್ಬ.
6. ಕೃತಿಯೊಳಗೆ ಶ್ರೀವಿಜಯನ ಹೆಸರು ಬರುತ್ತದೆ.
7. ಆದ್ದರಿಂದ ಕರ್ತೃ ಶ್ರೀವಿಜಯ.

ಇಲ್ಲಿ 1 ಉಭಯಸಮ್ಮತವಾದ ಹಿನ್ನೆಲೆ. ಅದು ಯಾವ ಪಕ್ಷವನ್ನೂ ಸಾಧಿಸದು. 2 ಪೂರ್ವಪಕ್ಷ. 3 ಗ್ರಂಥಸ್ಥ ಆಧಾರ. 4 ಆ ಆಧಾರವನ್ನು ನಿರ್ಣಯಕ್ಕೆ ಕೂಡಿಸುವ ಕೊಂಡಿ. 6 ಇನ್ನೊಂದು ಆಧಾರ, 7 ಅಂತಿಮ ಸಿದ್ಧಾಂತ. ವಿಶೇಷವಾಗಿ ಗಮನಿಸಬೇಕಾದುದು 5. ಅದು 3 ಮತ್ತು 4ರಿಂದ ಹೊರಟ ನಿರ್ಣಯ. 7ಕ್ಕೆ ಅದೇ ಆಧಾರ. ‘ಆದ್ದರಿಂದ’ ಎಂಬ ಪದವನ್ನು ಕಂಡೊಡನೆ ಅದನ್ನೇ ಲೇಖಕರ ಕೊನೆಯ ಮಾತೆಂದು ಭಾವಿಸುವವರು ಎಡವುವುದು ಇಲ್ಲಿಯೇ.

ಈ ವಿಂಗಡಣೆಯ ಪ್ರಯೋಜನವು ಆಕ್ಷೇಪ ಬಂದಾಗ ಸ್ಪಷ್ಟವಾಗುತ್ತದೆ. ಕವಿರಾಜಮಾರ್ಗವು ಹಿಂದಿನ ಪದ್ಯಕವಿಗಳನ್ನು ಹೆಸರಿಸುವಲ್ಲಿಯೂ ಶ್ರೀವಿಜಯನಿದ್ದಾನೆ. ಹೀಗಿರುವಾಗ ಅವನೇ ಕರ್ತೃವಾಗುವುದು ಹೇಗೆ? ಈ ಪ್ರಶ್ನೆ 6ರಿಂದ 7ಕ್ಕೆ ಹೋಗುವ ದಾರಿಯನ್ನು ತಡೆಯುತ್ತದೆ, 5ನ್ನು ಮುಟ್ಟುವುದಿಲ್ಲ. ಶ್ರೀವಿಜಯನ ಪಕ್ಷ ದುರ್ಬಲವಾದ ಮಾತ್ರಕ್ಕೆ ನೃಪತುಂಗನ ಪಕ್ಷ ಗೆದ್ದಂತಾಗಲಿಲ್ಲ. ಆದರೆ ‘ಅನುಮತ’ದ ಅರ್ಥವನ್ನೇ ಯಾರಾದರೂ ಅಲುಗಿಸಿದರೆ 4, 5, 7 ಮೂರೂ ಒಟ್ಟಿಗೆ ಸಡಿಲವಾಗುತ್ತವೆ.

ಆದುದರಿಂದ ಪ್ರತಿಯೊಂದು ಹೇಳಿಕೆಗೂ ಎರಡು ಪ್ರಶ್ನೆಗಳನ್ನು ಹಾಕುವುದು ಲೇಸು: ‘ಇದನ್ನು ಏಕೆ ಒಪ್ಪಬೇಕು?’ ಮತ್ತು ‘ಇದರಿಂದ ಏನು ಸಿದ್ಧಿಸುತ್ತದೆ?’ ಮೊದಲನೆಯದಕ್ಕೆ ಮಾತ್ರ ಲೇಖನದಲ್ಲಿ ಉತ್ತರವಿದ್ದರೆ ಅದು ಸಿದ್ಧಾಂತ; ಎರಡನೆಯದಕ್ಕೆ ಮಾತ್ರವಿದ್ದರೆ ಆಧಾರ; ಎರಡಕ್ಕೂ ಇದ್ದರೆ ನಡುವಿನ ನಿರ್ಣಯ. ಎರಡಕ್ಕೂ ಇಲ್ಲದಿದ್ದರೆ ಅದು ಹಿನ್ನೆಲೆಯೋ ಪೂರ್ವಪಕ್ಷವೋ ಎಂದು ನೋಡಬೇಕು. ಉದ್ಧರಣ ಚಿಹ್ನೆ ಹಾಕುವ ಮೊದಲು ಇಷ್ಟು ವಿಚಾರಿಸುವುದು ನಮ್ಮ ಹಿಂದಿನ ವಿದ್ವಾಂಸರಿಗೆ ನಾವು ಸಲ್ಲಿಸಬೇಕಾದ ಕನಿಷ್ಠ ನ್ಯಾಯ.