ಹೆಸರಿಲ್ಲದ ಕಂಚಿನ ನಾಣ್ಯಗಳು

ಮಧ್ಯಯುಗದ ಬೈಜಾಂಟಿಯಂ ಸಾಮ್ರಾಜ್ಯದಲ್ಲಿ ಸುಮಾರು 970ರಿಂದ 1092ರವರೆಗೆ ಟಂಕಿಸಲ್ಪಟ್ಟ ಕಂಚಿನ ನಾಣ್ಯಗಳಲ್ಲಿ ಬಹುಪಾಲಿನ ಮೇಲೆ ಚಕ್ರವರ್ತಿಯ ಮುಖವಾಗಲಿ ಹೆಸರಾಗಲಿ ಇಲ್ಲ. ಹಿಂದೆ ಹೀಗಿರಲಿಲ್ಲ. 498ರಲ್ಲಿ ಒಂದನೆಯ ಅನಸ್ತಾಸಿಯಸನು ‘ಫೋಲಿಸ್’ ಎಂಬ ದೊಡ್ಡ ನಾಣ್ಯವನ್ನು ಬಳಕೆಗೆ ತಂದು, ಅದು ನಲವತ್ತು ಬಿಡಿಕಾಸುಗಳಿಗೆ ಸಮವೆಂದು ತಿಳಿಸಲು ಗ್ರೀಕರ ‘ಮ್ಯೂ’ ಅಕ್ಷರವನ್ನು ಅದರ ಹಿಂಬದಿಗೆ ಒತ್ತಿಸಿದನು. 538ರ ಸುಮಾರಿಗೆ ಜಸ್ಟಿನಿಯನ್ನನು ತನ್ನ ಆಳ್ವಿಕೆಯ ವರ್ಷವನ್ನೂ ಸೇರಿಸಿದುದರಿಂದ, ಅಂಥ ನಾಣ್ಯದ ಜನ್ಮಕಾಲವನ್ನು ಅದರಿಂದಲೇ ಓದಿಕೊಳ್ಳಬಹುದು.

969ರಲ್ಲಿ ನಿಕೆಫೋರಸ್ ಫೋಕಾಸನ ಕೊಲೆಯ ಮೂಲಕ ಸಿಂಹಾಸನವನ್ನೇರಿದ ಜಾನ್ ಜಿಮಿಸ್ಕೆಸನು ಚಕ್ರವರ್ತಿಯ ಮುಖವನ್ನೂ ಹೆಸರನ್ನೂ ಒತ್ತುವ ಪದ್ಧತಿಯನ್ನು ಬಿಟ್ಟು, ಮುಂಬದಿಯಲ್ಲಿ ಕ್ರಿಸ್ತನ ಬಿಂಬವನ್ನೂ ಹಿಂಬದಿಯಲ್ಲಿ ಆತನನ್ನು ರಾಜಾಧಿರಾಜನೆಂದು ಸಾರುವ ಲೇಖವನ್ನೂ ಅಚ್ಚು ಹಾಕಿಸಿದನೆಂದು ಇತಿಹಾಸಕಾರ ಸ್ಕೈಲಿಟ್ಸೆಸನು ಬರೆದಿಟ್ಟಿದ್ದಾನೆ. ರಕ್ತದಿಂದ ಪಡೆದ ಅಧಿಕಾರದ ಪ್ರಾಯಶ್ಚಿತ್ತಭಾವವೂ ಇದರಲ್ಲಿ ಬೆರೆತಿದ್ದಿರಬೇಕೆಂದು ನನಗೆ ತೋರುತ್ತದೆ. ಅನಂತರದ ಅರಸರೂ ಬಹುಮಟ್ಟಿಗೆ ಇದೇ ದಾರಿಯಲ್ಲಿ ನಡೆದರು.

ಹೆಸರಿಲ್ಲದ ಈ ನಾಣ್ಯಗಳಲ್ಲಿ ಯಾವುದು ಮೊದಲು, ಯಾವುದು ಅನಂತರ ಎಂಬುದನ್ನು ನಿರ್ಣಯಿಸುವ ಬಗೆಯೇ ಇಲ್ಲಿ ಅತ್ಯಂತ ರಮಣೀಯವಾದ ಭಾಗ. ಹಳೆಯ ನಾಣ್ಯವನ್ನು ಕರಗಿಸಿ ಹೊಸ ಬಿಲ್ಲೆಯನ್ನು ಎರೆಯುವುದಕ್ಕೆ ಇಂಧನವೂ ದುಡಿಮೆಯೂ ಬೇಕು. ಆದುದರಿಂದ ಟಂಕಸಾಲೆಯವರು ಅನೇಕ ವೇಳೆ ಚಲಾವಣೆಯಲ್ಲಿದ್ದ ನಾಣ್ಯವನ್ನೇ ಎರಡು ಅಚ್ಚುಗಳ ನಡುವೆ ಇಟ್ಟು ಸುತ್ತಿಗೆಯಿಂದ ಹೊಡೆಯುತ್ತಿದ್ದರು. ಏಟು ಸಮವಾಗಿ ಬೀಳದಿದ್ದೆಡೆಯಲ್ಲಿ, ಸರಿಯಾಗಿ ಒರೆಸದ ಹಲಗೆಯ ಮೇಲಣ ಹಳೆಯ ಬರಹದಂತೆ, ಮೊದಲಿನ ಪ್ರಭಾವಳಿಯ ಅಂಚೋ ಶಿಲುಬೆಯ ತೋಳೋ ಎರಡು ಅಕ್ಷರಗಳೋ ಉಳಿದುಕೊಳ್ಳುತ್ತಿದ್ದವು. ಅಡಿಯಲ್ಲಿರುವುದು ಮೇಲಿನದಕ್ಕಿಂತ ಹಿಂದಿನದೆಂಬುದರಲ್ಲಿ ಸಂದೇಹವಿಲ್ಲ. ಇಂತಹ ಜೋಡಿಗಳನ್ನು ಒಂದಕ್ಕೊಂದು ಹೊಂದಿಸುತ್ತ ಹೋದರೆ ಪೂರ್ವಾಪರದ ಸರಪಳಿಯೊಂದು ಏರ್ಪಡುತ್ತದೆ; ಹತ್ತನೆಯ ಕಾನ್‌ಸ್ಟಂಟೈನ್ (1059–1067) ಮೊದಲಾದ ಕೆಲವರು ನಡುನಡುವೆ ತಮ್ಮ ಹೆಸರಿನ ಫೋಲಿಸುಗಳನ್ನೂ ಹೊರಡಿಸಿದುದರಿಂದ, ಅನಾಮಧೇಯ ನಾಣ್ಯಗಳು ಅವುಗಳ ಅಡಿಯಲ್ಲೋ ಮೇಲೋ ಕಂಡುಬಂದಾಗ ಆ ಸರಪಳಿಗೆ ಇಸವಿಯ ಆಧಾರವೂ ದೊರೆಯುತ್ತದೆ.

ಅಥೆನ್ಸಿನ ಪ್ರಾಚೀನ ಅಗೋರಾದ ಉತ್ಖನನದಲ್ಲಿ ದೊರೆತ ನಾಣ್ಯಗಳನ್ನು ಕುರಿತು ಮಾರ್ಗರೆಟ್ ಥಾಮ್ಸನ್ 1954ರಲ್ಲಿ ಪ್ರಕಟಿಸಿದ ಗ್ರಂಥವು ಇವನ್ನು ವರ್ಗಗಳಾಗಿ ವಿಂಗಡಿಸಿತು. ಆ ವಿಂಗಡಣೆ ಇಂದಿಗೂ ವಿದ್ವಾಂಸರ ಬಳಕೆಯಲ್ಲಿದೆ. ಸವೆದು ಅಂದಗೆಟ್ಟ ಈ ಕಾಸುಗಳನ್ನು, ಹೊಳೆಯುವ ಚಿನ್ನದ ನಾಣ್ಯಗಳಿಗಿಂತಲೂ ಹೆಚ್ಚಿನ ಆದರದಿಂದ ನೋಡಬೇಕೆಂದು ನಾನು ಭಾವಿಸುತ್ತೇನೆ. ಏಕೆಂದರೆ ನೆಲದಡಿಯ ಗೋಡೆಯೊಂದರ ಕಾಲವನ್ನು ಹೇಳಬಲ್ಲುದು ಹೆಚ್ಚಾಗಿ ಸಂತೆಯಲ್ಲಿ ಕೈಜಾರಿ ಬಿದ್ದ ಇಂತಹ ಕಾಸೇ. 1092ರಲ್ಲಿ ಅಲೆಕ್ಸಿಯಸ್ ಕಾಮ್ನೆನಸನು ನಾಣ್ಯವ್ಯವಸ್ಥೆಯನ್ನೇ ಹೊಸದಾಗಿ ಕಟ್ಟಿದಾಗ ಫೋಲಿಸಿನ ಟಂಕನ ನಿಂತು, ‘ಟೆಟಾರ್ಟೆರಾನ್’ ಎಂಬ ಚಿಕ್ಕ ತಾಮ್ರದ ನಾಣ್ಯವು ಬಳಕೆಗೆ ಬಂದಿತು.