ಈಮ್ ಗ್ರಾಮದ ಚರ್ಚು

ಇಂಗ್ಲೆಂಡಿನ ಒಂದು ಹಳ್ಳಿಯ ಪೂರ್ವವೃತ್ತಾಂತವನ್ನು ಅರಿಯಬೇಕೆನ್ನುವವನು ಮೊದಲು ಅಲ್ಲಿಯ ಚರ್ಚಿನ ಬಾಗಿಲಿಗೆ ಹೋಗಬೇಕು. ಒಬ್ಬ ಪಾದ್ರಿಯ ಪಾಲನೆಗೆ ಒಳಪಟ್ಟ ಗ್ರಾಮಸೀಮೆಗೆ ಅಲ್ಲಿ ಪ್ಯಾರಿಷ್ ಎಂದು ಹೆಸರು. ಆ ಸೀಮೆಯ ನಾಮಕರಣ, ವಿವಾಹ, ಶವಸಂಸ್ಕಾರಗಳನ್ನು ಚರ್ಚಿನ ಪುಸ್ತಕದಲ್ಲಿ ಬರೆದಿಡಬೇಕೆಂದು 1538ರಲ್ಲಿಯೇ ಆಜ್ಞೆಯಾಯಿತು. ಅರಸರ ಚರಿತ್ರೆಯಲ್ಲಿ ಹೆಸರು ಕಾಣದ ಸಾಮಾನ್ಯ ಜನರು ಈ ಪುಸ್ತಕಗಳಲ್ಲಿ ಉಳಿದುಕೊಂಡಿದ್ದಾರೆ.

ಡಾರ್ಬಿಷೈರಿನ ಗುಡ್ಡಗಾಡಿನಲ್ಲಿರುವ ಈಮ್ ಎಂಬ ಗ್ರಾಮದ ಚರ್ಚು ಸಂತ ಲಾರೆನ್ಸನ ಹೆಸರಿನದು. ಕಟ್ಟಡವು ಒಂದೇ ಕಾಲದ್ದಲ್ಲ. ಮಧ್ಯಯುಗದ ಭಾಗಗಳಿಗೆ 19ನೆಯ ಶತಮಾನದ ಜೀರ್ಣೋದ್ಧಾರವು ಸೇರಿಕೊಂಡಿದೆ. ದಕ್ಷಿಣದ ಗೋಡೆಯ ಮೇಲೆ 1775ರ ಒಂದು ಛಾಯಾಯಂತ್ರವಿದೆ. ಆದರೆ ಅಂಗಳದಲ್ಲಿ ನಿಂತಿರುವ ಶಿಲುಬೆಯ ಕಂಬವು ಇವೆಲ್ಲಕ್ಕಿಂತ ಹಳೆಯದು. ಸ್ಯಾಕ್ಸನರ ಕಾಲದ, ಸುಮಾರು 8ನೆಯ ಶತಮಾನದ ಕೆತ್ತನೆ ಅದರ ಮೇಲಿದೆ. ಕಂಬದ ಒಂದು ತುಂಡು ಮಾತ್ರ ಎಲ್ಲಿಯೋ ಕಳೆದುಹೋಗಿದೆ.

ಈ ಚರ್ಚನ್ನು ಲೋಕಪ್ರಸಿದ್ಧವಾಗಿ ಮಾಡಿದುದು ಇದರ ಶಿಲ್ಪವಲ್ಲ. 1665ನೆಯ ಸೆಪ್ಟೆಂಬರಿನಲ್ಲಿ, ಲಂಡನ್ನಿನಿಂದ ಒಬ್ಬ ದರ್ಜಿಯ ಮನೆಗೆ ಬಂದ ಬಟ್ಟೆಯ ಗಂಟಿನೊಡನೆ ಪ್ಲೇಗು ಊರನ್ನು ಹೊಕ್ಕಿತೆಂದು ಪ್ರತೀತಿ. ಆ ಮನೆಯಲ್ಲಿದ್ದ ಜಾರ್ಜ್ ವಿಕರ್ಸ್ ಎಂಬಾತನು ಮೊದಲು ಸತ್ತನು. ಚಳಿಗಾಲದಲ್ಲಿ ತುಸು ತಗ್ಗಿದ ರೋಗವು ಮರುವರ್ಷದ ಬೇಸಿಗೆಯಲ್ಲಿ ಮತ್ತೆ ತಲೆಯೆತ್ತಿತು.

ಆಗ ಅಲ್ಲಿಯ ಪಾದ್ರಿ ವಿಲಿಯಂ ಮಾಂಪೆಸನ್; ತರುಣನು, ಊರಿಗೆ ಹೊಸಬನು. ಜನರ ಮನಸ್ಸೆಲ್ಲ ಹಿಂದಿನ ಪಾದ್ರಿಯಾದ ಥಾಮಸ್ ಸ್ಟ್ಯಾನ್ಲಿಯ ಕಡೆಗಿದ್ದಿತು. ಸ್ಟ್ಯಾನ್ಲಿಯು ಪ್ಯೂರಿಟನ್ ಪಂಗಡದವನು. 1662ರ ಏಕರೂಪ ಪ್ರಾರ್ಥನೆಯ ಶಾಸನಕ್ಕೆ ತಲೆಬಾಗದವನು. ಧರ್ಮವಿಚಾರದಲ್ಲಿ ಇವರಿಬ್ಬರೂ ಎದುರಾಳಿಗಳೆಂದೇ ಹೇಳಬೇಕು. ಆದರೂ 1666ನೆಯ ಜೂನಿನಲ್ಲಿ ಇಬ್ಬರೂ ಕೂಡಿ ಊರಿನವರನ್ನು ಒಡಂಬಡಿಸಿದರು. ಯಾರೂ ಗ್ರಾಮಸೀಮೆಯನ್ನು ದಾಟತಕ್ಕದ್ದಲ್ಲ. ಸತ್ತವರನ್ನು ಅವರವರ ಮನೆಯವರೇ ಹಿತ್ತಲಲ್ಲಿಯೋ ಹೊಲದಲ್ಲಿಯೋ ಹೂಳತಕ್ಕದ್ದು. ಜನರು ಒಂದೆಡೆ ಒತ್ತಾಗಿ ಸೇರದಂತೆ ಚರ್ಚಿನ ಬಾಗಿಲನ್ನೇ ಮುಚ್ಚತಕ್ಕದ್ದು. ಮಂತ್ರಪೂರ್ವಕವಾಗಿ ಪವಿತ್ರಭೂಮಿಯಲ್ಲಿ ಮಣ್ಣಾಗುವುದೇ ಸದ್ಗತಿಯೆಂದು ನಂಬಿದ್ದ ಜನರಿಗೆ ಇದು ಎಷ್ಟು ಕಠಿನವಾಗಿದ್ದಿರಬೇಕೆಂಬುದನ್ನು ಶ್ರೋತೃಗಳು ಊಹಿಸಬಲ್ಲರು.

ಪ್ರಾರ್ಥನೆಯು ಕಕ್ಲೆಟ್ ಡೆಲ್ಫ್ ಎಂಬ ಕಣಿವೆಯ ಬಯಲಿನಲ್ಲಿ ನಡೆಯಿತು; ಒಂದು ಕುಟುಂಬದವರಿಗೂ ಇನ್ನೊಂದು ಕುಟುಂಬದವರಿಗೂ ನಡುವೆ ಅಂತರವಿರುತ್ತಿತ್ತು. ಹೊರಗಿನವರು ಆಹಾರವನ್ನು ಎಲ್ಲೆಯ ಕಲ್ಲಿನ ಬಳಿ ಇಟ್ಟುಹೋಗುವರು. ಬೆಲೆಯ ನಾಣ್ಯಗಳನ್ನು ಕಲ್ಲಿನ ಗುಳಿಯಲ್ಲಿ ಹುಳಿಕಾಡಿ ಹಾಕಿ ಅದರಲ್ಲಿ ಅದ್ದಿಡುತ್ತಿದ್ದರಂತೆ. ಚ್ಯಾಟ್ಸ್‌ವರ್ತಿನ ಅರ್ಲ್ ಆಫ್ ಡೆವನ್‌ಷೈರನೂ ನೆರವಾದನು. ಎಲಿಜಬೆತ್ ಹ್ಯಾನ್ಕಾಕ್ ಎಂಬಾಕೆಯು ಆಗಸ್ಟ್ ತಿಂಗಳ ಎಂಟೇ ದಿನಗಳಲ್ಲಿ ಗಂಡನನ್ನೂ ಆರು ಮಕ್ಕಳನ್ನೂ ಕಳೆದುಕೊಂಡು ತನ್ನ ಕೈಯಾರೆ ಹೂಳಿದಳು. ಅದೇ ತಿಂಗಳ 25ರಂದು ಮಾಂಪೆಸನ್ನನ ಪತ್ನಿ ಕ್ಯಾಥರೀನಳೂ ತೀರಿಕೊಂಡಳು. ಆಕೆಯ ಸಮಾಧಿಯು ಮಾತ್ರ ಚರ್ಚಿನ ಅಂಗಳದಲ್ಲಿಯೇ ಇದೆ.

ರೋಗವು 76 ಕುಟುಂಬಗಳನ್ನು ಹೊಕ್ಕು 259 ಮಂದಿಯನ್ನು ಕೊಂದಿತೆಂದು ಮಾಂಪೆಸನ್ ತನ್ನ ಪತ್ರದಲ್ಲಿ ಬರೆದಿದ್ದಾನೆ. ಊರಿನ ಜನಸಂಖ್ಯೆ 350 ಮಾತ್ರವಾಗಿತ್ತೆಂಬ ಹಳೆಯ ಹೇಳಿಕೆಯನ್ನು ಈಚಿನ ಸಂಶೋಧಕರು ಒಪ್ಪುವುದಿಲ್ಲ. ಒಲೆಗೆರೆಯ ಲೆಕ್ಕಗಳಿಂದ ಅದಕ್ಕಿಂತ ಬಹಳ ಹೆಚ್ಚು ಜನರಿದ್ದರೆಂದು ತಿಳಿಯುತ್ತದೆ. ಕಥೆಗೆ ಕವಿಗಳೂ ಬಣ್ಣವನ್ನು ಬಳಿದಿದ್ದಾರೆ. ಪ್ಲೇಗಿನ ಕ್ರಿಮಿಯು 1894ರಲ್ಲಿ ಗೊತ್ತಾಯಿತು. ಚಿಗಟಗಳ ವಿಷಯವು ಬೆಂಗಳೂರಿಗೆ ಪ್ಲೇಗು ಬಂದ 1898ರಲ್ಲಿ ತಿಳಿದುಬಂದಿತು. ಇದನ್ನರಿತವರು, ಈಮಿನ ಜನರು ಊರಲ್ಲಿಯೇ ನಿಂತು ತಮ್ಮ ಸಾವನ್ನು ಹೆಚ್ಚಿಸಿಕೊಂಡರೇ ಎಂದು ಕೇಳುತ್ತಾರೆ. ಕೇಳತಕ್ಕ ಪ್ರಶ್ನೆಯೇ. ಆದರೆ ಅವರು ಕೊಟ್ಟ ಮಾತು ನೆರೆಹಳ್ಳಿಗಳಿಗಾಗಿ ಕೊಟ್ಟುದಾಗಿದ್ದಿತು. ಅದನ್ನು ಬಹುಮಟ್ಟಿಗೆ ಉಳಿಸಿಕೊಂಡರು.

ಮಾಂಪೆಸನ್ 1669ರಲ್ಲಿ ಈಕ್ರಿಂಗ್ ಎಂಬ ಬೇರೊಂದು ಪ್ಯಾರಿಷಿಗೆ ಹೋದನು. ಅಲ್ಲಿಯ ಜನರು ಪ್ಲೇಗಿನ ಊರಿನಿಂದ ಬಂದವನೆಂದು ಹೆದರಿ ಅವನನ್ನು ಒಳಗೆ ಬರಗೊಡದೆ ಕೆಲಕಾಲ ದೂರದ ಗುಡಿಸಲಿನಲ್ಲಿರಿಸಿದರೆಂದು ಹೇಳುತ್ತಾರೆ. ಸ್ಟ್ಯಾನ್ಲಿಯು ಈಮಿನಲ್ಲಿಯೇ ಉಳಿದು 1670ರಲ್ಲಿ ಸತ್ತನು. ಆಗಸ್ಟ್ ತಿಂಗಳ ಕಡೆಯ ಭಾನುವಾರ ಗ್ರಾಮಸ್ಥರು ಇಂದಿಗೂ ಚರ್ಚಿನಿಂದ ಹೊರಟು ಆ ಕಣಿವೆಯ ಬಯಲಿಗೆ ನಡೆದುಹೋಗಿ ಅಲ್ಲಿಯೇ ಪ್ರಾರ್ಥನೆಯನ್ನು ನಡೆಸುತ್ತಾರೆ.